ಸುದ್ದಿಗಿಂತ ಸಹಿನೇ ದೊಡ್ಡದು: ಘಾಟ್‌ನಲ್ಲಿ ಗಾಡಿಗಳು ಮಾತಾಡ್ಕೊಂಡ್ರೆ

ಹೋದ ಮಳೆಗಾಲದಲ್ಲಿ ಮಾಮಾನ ಐಷರ್ ಗಾಡಿಯಲ್ಲಿ ಪುಣೆಯಿಂದ ವಾಶಿಗೆ ಹೋಗಿದ್ದೆ. ಮಾಮಾ ಇಂಡಿ ಕಡೆಯವರು, ಲಿಂಬೆಹಣ್ಣು ತುಂಬ್ಕೊಂಡು ಸೋಲಾಪುರದ ಮೇಲಿಂದ ರಾತ್ರಿಯಿಡೀ ಓಡಿಸ್ಕೊಂಡು ಬಂದು ಬೆಳಗಿನ ಜಾವ ಕಿವಳೆ ಹತ್ರ ನನ್ನನ್ನ ಹತ್ತಿಸ್ಕೊಂಡ್ರು, ನನಗೆ ಮುಂಬೈಯಲ್ಲಿ ಕೆಲಸ ಇತ್ತು, ಅವರಿಗೆ ನಿದ್ದೆ ಬರದ ಹಾಗೆ ಪಕ್ಕದಲ್ಲಿ ಮಾತಾಡೋಕೆ ಒಬ್ಬ ಬೇಕಿತ್ತು. ಲೋಣಾವಳಾ ದಾಟಿ ಘಾಟ್ ಇಳಿಯೋಕೆ ಶುರು ಮಾಡಿದ್ವಿ ನೋಡಿ, ಮಂಜು ಅಂದ್ರೆ ಮಂಜು, ಗ್ಲಾಸ್ ಮುಂದೆ ಹತ್ತು ಮಾರು ಕಾಣ್ತಿಲ್ಲ, ಮುಂದಿರೋ ಗಾಡಿಗಳೆಲ್ಲ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಮಿಣಮಿಣ ಅಂತಿವೆ.

"ಎಲ್ಲಾರೂ ಪಾರ್ಕಿಂಗ್ ಲೈಟ್ ಹಾಕ್ಕೊಂಡ ಹೊಂಟಾರ. ಇದರಾಗ ನಿಂತಾಂವ ಯಾರು, ಹೊಂಟಾಂವ ಯಾರು, ಹೆಂಗ ತಿಳೀಬೇಕೋ?" ಅಂದ್ರು ಮಾಮಾ.

ನಾನು ಚಿಂಚವಾಡದಲ್ಲಿ ಗಾಡಿಗಳ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಕೆಲಸದವನು, ಈ ಪ್ರಶ್ನೆ ಕೇಳಿದ್ರೆ ಸುಮ್ಮನಿರೋಕೆ ಆಗಲ್ಲ. ಇದಕ್ಕೆ ಅಂತಾನೇ ಒಂದು ರೇಡಿಯೋ ಇದೆ ಮಾಮಾ, ಗಾಡಿಯಿಂದ ಗಾಡಿಗೆ ನೇರ, ನಡುವೆ ಟವರ್ ಬೇಡ, ಸಿಮ್ ಬೇಡ ಅಂತ ಶುರು ಹಚ್ಚಿದೆ. ಪ್ರತಿ ಗಾಡಿ ಸೆಕೆಂಡಿಗೆ 10 ಸಲ ಸುತ್ತಮುತ್ತ ಎಲ್ಲರಿಗೂ ಕೂಗಿ ಹೇಳುತ್ತೆ: ನಾನು ಇಲ್ಲಿದ್ದೀನಿ, ಇಷ್ಟು ಸ್ಪೀಡು, ಈ ಕಡೆ ಮುಖ, ಬ್ರೇಕ್ ಒತ್ತಿದ್ದೀನಿ ಅಥವಾ ಒತ್ತಿಲ್ಲ. 100 ಕಿ.ಮೀ. ಸ್ಪೀಡಲ್ಲಿ ಹೋಗೋ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತೆ, ಅಂದ್ರೆ ಎರಡು ಕೂಗಿನ ನಡುವೆ ಮೂರು ಮೀಟರ್ ಕೂಡ ದಾಟಿರಲ್ಲ. ಮಂಜಿದ್ರೂ ಕತ್ತಲಿದ್ರೂ ರೇಡಿಯೋಗೆ ಏನೂ ಫರಕ್ ಬೀಳಲ್ಲ. ನಿಂತ ಗಾಡಿ "ಸ್ಪೀಡು ಸೊನ್ನೆ" ಅಂತ ತಾನೇ ಹೇಳ್ಕೊಳ್ಳುತ್ತೆ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವಾ ಖರೇನ ಹೇಳತಾನ ಅಂತ ಏನ್ ಗ್ಯಾರಂಟಿ?" ಅಂದ್ರು.

ಇಪ್ಪತ್ತೈದು ವರ್ಷ ಲಾರಿ ಓಡಿಸಿದವರಿಗೆ ಮೊದಲು ಬರೋ ಅನುಮಾನವೇ ಇದು. ಸಿಂಗಲ್ ರೋಡಲ್ಲಿ ಮುಂದಿನ ಲಾರಿಯವನು ರೈಟ್ ಇಂಡಿಕೇಟರ್ ಹಾಕಿದ ಅಂದ್ರೆ "ಮುಂದೆ ಖಾಲಿ ಇದೆ, ದಾಟ್ಕೊಂಡು ಹೋಗು" ಅಂತಲೂ ಅರ್ಥ, "ನಾನು ಬಲಕ್ಕೆ ತಿರುಗ್ತೀನಿ" ಅಂತಲೂ ಅರ್ಥ. ಗುರುತಿಲ್ಲದವನ ಸನ್ನೆ ನಂಬಿ ಜೀವ ಪಣಕ್ಕಿಡಬೇಕು. ರೇಡಿಯೋದಲ್ಲೂ ಅದೇ ಕಥೆ. ಸೆಕ್ಯೂರಿಟಿ ಅಂದ ಕೂಡಲೇ ನಮಗೆ ಬೀಗ ನೆನಪಾಗುತ್ತೆ, ಮೆಸೇಜ್ ಬೇರೆಯವರಿಗೆ ತಿಳೀಬಾರದು ಅಂತ. ಇಲ್ಲಿ ಉಲ್ಟಾ, ಎಲ್ಲರಿಗೂ ತಿಳೀಲಿ ಅಂತಾನೇ ಕೂಗ್ತಿರೋದು, ಅದಕ್ಕೆ ಈ ಮೆಸೇಜ್‌ಗಳನ್ನ ಎನ್‌ಕ್ರಿಪ್ಟ್ ಮಾಡೋದೇ ಇಲ್ಲ. ಮಾಡೋದು ಸಹಿ. ಗಾಡಿಯ ಚಿಪ್ ಒಳಗೆ ಒಂದು ಗುಟ್ಟಿನ ಕೀ ಇರುತ್ತೆ, ಅದರಿಂದ ಪ್ರತಿ ಮೆಸೇಜ್‌ಗೂ ಡಿಜಿಟಲ್ ಸಹಿ ಬೀಳುತ್ತೆ, ಜೊತೆಗೆ "ಈ ಸಹಿ ಅಸಲಿ ಗಾಡಿಯದ್ದೇ" ಅಂತ ಹೇಳೋ ಸರ್ಟಿಫಿಕೇಟ್. ದಾರಿಯಲ್ಲಿ ಯಾರಾದ್ರೂ ಒಂದು ಅಂಕಿ ತಿದ್ದಿದ್ರೂ ಸಹಿ ತಾಳೆ ಆಗಲ್ಲ. ನಿನ್ನೆಯ ಮೆಸೇಜ್ ರೆಕಾರ್ಡ್ ಮಾಡಿ ಇವತ್ತು ಬಿಟ್ರೂ ನಡೆಯಲ್ಲ, ಒಳಗೆ ಟೈಮ್ ಬರೆದಿರುತ್ತೆ.

ಬೈಟ್ ಲೆಕ್ಕ ಹಾಕಿ ನೋಡಿ, ನನಗಂತೂ ಮೊದಲ ಸಲ ನೋಡಿದಾಗ ನಗು ಬಂತು. ಜಾಗ, ಸ್ಪೀಡು, ದಿಕ್ಕು, ಬ್ರೇಕು ಎಲ್ಲ ಸೇರಿ ಅಸಲಿ ಸುದ್ದಿ ಸುಮಾರು 40 ಬೈಟ್. ಸಹಿ ಒಂದೇ 64 ಬೈಟ್. ಸರ್ಟಿಫಿಕೇಟ್ 100 ಬೈಟ್ ಮೇಲೆ. ಹೆಡರು ಪಡರು ಎಲ್ಲ ಸೇರಿದ್ರೆ ಇಡೀ ಮೆಸೇಜ್ 300 ಬೈಟ್ ಹತ್ರ ಹೋಗುತ್ತೆ. ಒಂದು ಸಾಲಿನ ಅರ್ಜಿಗೆ ಆಧಾರ್ ಝೆರಾಕ್ಸು, ರೇಷನ್ ಕಾರ್ಡು, ಲೈಟ್ ಬಿಲ್ಲು ಲಗತ್ತಿಸಿದ ಹಾಗೆ. ಇದನ್ನ ತಗ್ಗಿಸೋಕೆ ಪೂರ್ತಿ ಸರ್ಟಿಫಿಕೇಟ್ ಆಗಾಗ ಮಾತ್ರ ಕಳಿಸಿ, ನಡುವಿನ ಮೆಸೇಜ್‌ಗಳಲ್ಲಿ "ಆಗಲೇ ಕೊಟ್ಟಿದ್ನಲ್ಲ ಅದೇ" ಅಂತ 8 ಬೈಟಿನ ಗುರುತು ಹಾಕಿ ಸಾಗಿಸ್ತಾರೆ.

ಇಷ್ಟು ಕಂಜೂಸ್‌ತನ ಯಾಕಪ್ಪ ಅಂದ್ರೆ ಗಾಳಿಯಲ್ಲಿ ರೇಡಿಯೋ ಅಲೆಗಳಿಗೆ ಜಾಗ ಇಲ್ಲ. ಅಮೆರಿಕದಲ್ಲಿ 1999ರಲ್ಲಿ ಗಾಡಿಗಳಿಗೆ ಅಂತ 5.9 ಗಿಗಾಹರ್ಟ್ಜ್ ಹತ್ರ 75 ಮೆಗಾಹರ್ಟ್ಜ್ ಎತ್ತಿಟ್ರು, ಇಪ್ಪತ್ತು ವರ್ಷ ಆದ್ರೂ ಗಾಡಿಗಳಲ್ಲಿ ರೇಡಿಯೋ ಕೂರಲಿಲ್ಲ, ಒಬ್ಬನೇ ಫೋನ್ ತಗೊಂಡ್ರೆ ಯಾರಿಗೆ ಫೋನ್ ಮಾಡೋದು ಅನ್ನೋ ಸಮಸ್ಯೆ, ಖಾಲಿ ಸೈಟ್ ನೋಡಿ ವೈ-ಫೈನವರು ಬಂದು ಕೂತ್ರು, 2020ರಲ್ಲಿ 45 ಮೆಗಾಹರ್ಟ್ಜ್ ಅವರ ಪಾಲಾಗಿ ಗಾಡಿಗಳಿಗೆ 30 ಉಳೀತು. ಯುರೋಪ್ 2008ರಲ್ಲಿ ಕೊಟ್ಟಿದ್ದೂ 30. ಜಪಾನ್‌ನವರು ಬೇರೆ ದಾರಿ ಹಿಡಿದು 760 ಮೆಗಾಹರ್ಟ್ಜ್‌ನಲ್ಲಿ ಮಾಡ್ಕೊಂಡ್ರು, ಆ ಅಲೆ ಮೂಲೆ ತಿರುವಲ್ಲಿ ಬಾಗಿ ಹೋಗೋದ್ರಲ್ಲಿ ಚೆನ್ನಾಗಿದೆ, ಆದ್ರೆ ಜಾಗ ಇನ್ನೂ ಕಮ್ಮಿ. ನಿಮ್ಮ ಮನೆಯ 5 ಗಿಗಾಹರ್ಟ್ಜ್ ರೂಟರ್ ಒಂದೇ 80 ಮೆಗಾಹರ್ಟ್ಜ್ ಅಗಲದಲ್ಲಿ ಹಾಯಾಗಿ ಕಾಲು ಚಾಚಿರುತ್ತೆ, ಅದೂ ಒಬ್ಬರು ರೀಲ್ಸ್ ನೋಡೋಕೆ.

ಖಾಲಾಪುರ ಟೋಲ್ ನಾಕಾ, ಶುಕ್ರವಾರ ಸಂಜೆ, ಲಾಂಗ್ ವೀಕೆಂಡು ಅಂತ ಇಟ್ಕೊಳ್ಳಿ. 10 ಮೆಗಾಹರ್ಟ್ಜ್‌ನ ಒಂದು ಚಾನೆಲ್, ಸೆಕೆಂಡಿಗೆ 60 ಲಕ್ಷ ಬಿಟ್. 300 ಬೈಟ್ ಅಂದ್ರೆ 2400 ಬಿಟ್, ಶುರುವಿನ ಸಿಗ್ನಲ್ ಸೇರಿ ಒಂದು ಮೆಸೇಜ್‌ಗೆ ಗಾಳಿಯಲ್ಲಿ ಸುಮಾರು 0.45 ಮಿಲಿಸೆಕೆಂಡ್ ಹೊತ್ತು ಬೇಕು. ಒಂದು ಗಾಡಿಗೆ ಸೆಕೆಂಡಿಗೆ 10 ಮೆಸೇಜ್, ಅಲ್ಲಿಗೆ 4.5 ಮಿಲಿಸೆಕೆಂಡ್. ಎಲ್ಲರೂ ಶಿಸ್ತಾಗಿ ಒಬ್ಬರ ಬೆನ್ನಿಗೆ ಒಬ್ಬರು ಮಾತಾಡಿದ್ರೂ 220 ಗಾಡಿಗೆ ಚಾನೆಲ್ ಫುಲ್. ಟೋಲ್ ಹತ್ರ ಹಿಂದೆ ಮುಂದೆ 300 ಮೀಟರ್‌ನಲ್ಲಿ ಎಷ್ಟು ಗಾಡಿ ನಿಂತಿರುತ್ತೆ? ಒಂದು ಕಡೆ ಮೂರು ಲೇನ್ ಅಂತ ಹಿಡಿದು, ಏಳು ಮೀಟರ್‌ಗೆ ಒಂದು ಕಾರು ಅಂದ್ರೂ 250 ದಾಟುತ್ತೆ, ಆ ಕಡೆಯ ರೋಡು ಸೇರಿಸಿದ್ರೆ 500. ನಿಜವಾದ ಟೋಲ್‌ನಲ್ಲಿ ಲೇನ್‌ಗಳು ಇನ್ನೂ ಜಾಸ್ತಿ. ಚಾನೆಲ್‌ನಲ್ಲಿ ಹಿಡಿಸುವಷ್ಟೇ ಮೆಸೇಜ್ ಕಿವಿಗೆ ಬಿದ್ರೂ ಪ್ರತಿ ಸಹಿನೂ ಪರೀಕ್ಷೆ ಮಾಡಬೇಕು, ಸೆಕೆಂಡಿಗೆ ಎರಡು ಸಾವಿರ, ಅದಕ್ಕೇ ಬೇರೆ ಹಾರ್ಡ್‌ವೇರ್ ಬೇಕಾಗುತ್ತೆ.

ಮತ್ತೆ ಸರದಿ ಯಾರು ಹೇಳ್ತಾರೆ? ಕಂಡಕ್ಟರ್ ಇಲ್ಲ ಇಲ್ಲಿ. ವೈ-ಫೈ ಜಾತಿಯ ರೇಡಿಯೋ ಮಾತಾಡೋ ಮುಂಚೆ ಕಿವಿಗೊಟ್ಟು ಕೇಳುತ್ತೆ, ಯಾರೂ ಮಾತಾಡ್ತಿಲ್ಲ ಅಂದ್ರೆ ತಾನು ಶುರು. ಒಳ್ಳೇದೇ, ಆದ್ರೆ ಘಾಟ್‌ನ ತಿರುವಿನಲ್ಲಿ ಕೈ ಕೊಡುತ್ತೆ. ಗುಡ್ಡದ ಈ ಕಡೆ ನಾವು, ಆ ಕಡೆ ಒಂದು ಟ್ಯಾಂಕರ್, ಸರಿಯಾಗಿ ತಿರುವಿನಲ್ಲಿ ಒಂದು ಕಾರು. ಅಲೆ 5 ಸೆಂಟಿಮೀಟರ್ ಉದ್ದದ್ದು, ಗುಡ್ಡ ಬಳಸಿ ಬರೋದು ಅದರ ಕೈಲಿ ಆಗಲ್ಲ. ನಮಗೆ ಟ್ಯಾಂಕರ್ ಕೇಳಲ್ಲ, ಟ್ಯಾಂಕರ್‌ಗೆ ನಾವು ಕೇಳಲ್ಲ, ಇಬ್ಬರೂ "ಸದ್ಯ ಖಾಲಿ" ಅಂತ ಒಟ್ಟಿಗೆ ಕೂಗ್ತೀವಿ, ನಡುವಿನ ಕಾರಿಗೆ ಎರಡೂ ಕಲೆತು ಬರೀ ಗದ್ದಲ. ಯಾರಿಗೆ ಸುದ್ದಿ ಅತಿ ಬೇಕಿತ್ತೋ ಅವನಿಗೇ ಏನೂ ತಿಳಿಯಲ್ಲ.

ಮೊಬೈಲ್ ಕಂಪನಿಗಳ ಕಡೆಯಿಂದ ಬಂದ ಇನ್ನೊಂದು ಪದ್ಧತಿ ಇದೆ, 2017ರಲ್ಲಿ ಸ್ಟ್ಯಾಂಡರ್ಡ್ ಆಯ್ತು, ಅದು ನಮ್ಮ ಎಸ್‌ಟಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯೋ ಪದ್ಧತಿನೇ, ಸೀಟ್ ಅಂದ್ರೆ ಇಲ್ಲಿ ಮಾತಾಡೋ ಸರದಿ. ಹಿಂದಿನ ಒಂದು ಸೆಕೆಂಡು ಯಾವ ಸೀಟಲ್ಲಿ ಯಾರು ಕೂತಿದ್ರು ಅಂತ ನೋಡ್ಕೊಂಡು, ಖಾಲಿ ಅನ್ನಿಸಿದ ಐದರಲ್ಲೊಂದು ಪಾಲು ಸೀಟುಗಳಲ್ಲಿ ಕಣ್ಮುಚ್ಚಿ ಒಂದಕ್ಕೆ ಟವೆಲ್, ಆಮೇಲೆ ಅದೇ ಸೀಟು ಒಂದು ಸುತ್ತಿಗೆ ಐದರಿಂದ ಹದಿನೈದು ಸಲ ನಮ್ಮದೇ. ತೊಂದರೆ ಏನಂದ್ರೆ ಇಬ್ಬರು ಒಂದೇ ಸೀಟಿಗೆ ಒಂದೇ ಗಳಿಗೆಯಲ್ಲಿ ಟವೆಲ್ ಒಗೆದ್ರೆ, ಮಾತಾಡುವಾಗ ಕೇಳೋಕೆ ಆಗದ ರೇಡಿಯೋ ಆದ್ದರಿಂದ ಇಬ್ಬರಿಗೂ ಗೊತ್ತೇ ಆಗಲ್ಲ, ಅಷ್ಟೂ ಸಲ ಒಬ್ಬರ ತೊಡೆ ಮೇಲೆ ಒಬ್ಬರು ಕೂತ್ಕೊಂಡೇ ಇರ್ತಾರೆ. ಮೇಲಿಂದ ಈ ಎರಡು ಪದ್ಧತಿಯವರಿಗೆ ಒಬ್ಬರ ಭಾಷೆ ಒಬ್ಬರಿಗೆ ತಿಳಿಯಲ್ಲ. ಇರೋ 30 ಮೆಗಾಹರ್ಟ್ಜ್‌ನಲ್ಲೇ ಜಗಳ.

ಸುಲಭದ ಉಪಾಯ ಕಮ್ಮಿ ಮಾತಾಡೋದು. ಯುರೋಪಿನ ನಿಯಮ ನನಗೆ ಇಷ್ಟ: 4 ಮೀಟರ್ ಸರಿದ್ರೆ, ಅಥವಾ 4 ಡಿಗ್ರಿ ತಿರುಗಿದ್ರೆ, ಅಥವಾ ಸ್ಪೀಡು ಸೆಕೆಂಡಿಗೆ ಅರ್ಧ ಮೀಟರ್ ಬದಲಾದ್ರೆ ಮಾತ್ರ ಹೊಸ ಮೆಸೇಜ್, ಇಲ್ಲಾಂದ್ರೆ ಸೆಕೆಂಡಿಗೆ ಒಂದು ಸಾಕು. ಟೋಲ್‌ನಲ್ಲಿ ನಿಂತವನು ಸೆಕೆಂಡಿಗೆ ಹತ್ತು ಸಲ "ನಿಂತೀನಿ" ಅನ್ನೋದು ಯಾರಿಗೆ ಬೇಕು.

ಸಹಿ ಹಾಕಿದ್ರಿಂದ ಇನ್ನೊಂದು ಪೀಕಲಾಟ ಹುಟ್ಟುತ್ತೆ. ಸೆಕೆಂಡಿಗೆ ಹತ್ತು ಸಲ ಒಂದೇ ಹೆಸರಲ್ಲಿ ಸಹಿ ಮಾಡಿ ಕೂಗ್ತಾ ಹೋದ್ರೆ, ದಾರಿ ಬದಿ ಡಬ್ಬ ಇಟ್ಕೊಂಡು ಕೂತವನಿಗೆ ಯಾರು ಯಾವಾಗ ಎಲ್ಲಿಗೆ ಹೋದ್ರು ಅನ್ನೋದೆಲ್ಲ ಪುಕ್ಕಟೆ ಸಿಗುತ್ತೆ. ಅದಕ್ಕೆ ಗಾಡಿಗೆ ಸುಳ್ಳು ಹೆಸರಿನ ಅಸಲಿ ಸರ್ಟಿಫಿಕೇಟ್ ಕೊಡ್ತಾರೆ, ಅಮೆರಿಕದ ವ್ಯವಸ್ಥೆಯಲ್ಲಿ ವಾರಕ್ಕೆ 20, ಅದನ್ನ ಐದು ನಿಮಿಷಕ್ಕೊಮ್ಮೆ ಹಾಗೆ ಬದಲಾಯಿಸ್ತಾ ಹೋಗೋದು. ಇದನ್ನ ಹೇಳಿದ್ದಕ್ಕೆ ಮಾಮಾ, "ನಾ ಐದ್ ಮಿನಿಟಿಗೊಮ್ಮೆ ನಂಬರ್ ಪ್ಲೇಟ್ ಬದಲ್ ಮಾಡಿದ್ರ ಒಳಗ ಹಾಕ್ತಾರ, ಗಾಡಿ ಮಾಡಿದ್ರ ಕಾಯ್ದೆ?" ಅಂತ ನಕ್ರು. ಹೌದು, ಕಾಯ್ದೆನೇ. ಸುಳ್ಳು ಹೆಸರು ಕೊಡೋ ಕಚೇರಿಗೆ ಗಾಡಿ ಯಾರದ್ದು ಗೊತ್ತಿರಲ್ಲ, ಗಾಡಿ ಗೊತ್ತಿರೋ ಕಚೇರಿಗೆ ಯಾವ ಹೆಸರು ಕೊಟ್ರು ಗೊತ್ತಿರಲ್ಲ, ಪುಂಡಾಟ ಮಾಡಿದವನನ್ನ ಹಿಡಿಯಬೇಕಾದ್ರೆ ಕಚೇರಿಗಳು ಕೂಡಬೇಕು. ಆದ್ರೆ ಖಾಲಿ ರೋಡಲ್ಲಿ ಒಂಟಿಯಾಗಿ ಹೋಗ್ತಾ ಹೆಸರು ಬದಲಾಯಿಸಿ ಉಪಯೋಗ ಇಲ್ಲ, ಇದ್ದವನೇ ಒಬ್ಬ ಅಲ್ವಾ, ಗುಂಪಿನಲ್ಲಿ ಬೆರೆತಾಗಲೇ ಬದಲಾಯಿಸಬೇಕು. ಮಾಡಪ್ ಸುರಂಗದಂಥ ಜಾಗದಲ್ಲಿ ಗದ್ದಲದ ಹೊತ್ತಿಗೆ ಒಳಗೆ ಹೋಗುವಾಗ ಒಂದು ಹೆಸರು, ಹೊರಗೆ ಬರುವಾಗ ಇನ್ನೊಂದು ಆದ್ರೆ ಪತ್ತೆ ಮಾಡೋದು ಕಷ್ಟ.

ಒಬ್ಬನ ಹತ್ರ ಒಂದೇ ಸಲಕ್ಕೆ ಇಪ್ಪತ್ತು ಹೆಸರು ಇದ್ರೆ ಅವನು ಇಪ್ಪತ್ತು ಗಾಡಿ ಆಗಿ ನಟಿಸಬಹುದಲ್ಲ? ಇದಕ್ಕೆ ಸಿಬಿಲ್ ಅಟ್ಯಾಕ್ ಅಂತಾರೆ, ಲೋನ್ ಕೊಡುವಾಗ ನೋಡೋ ಸಿಬಿಲ್ ಅಲ್ಲ. ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅನ್ನೋ ಕಲಾವಿದ ಸಣ್ಣ ಕೈಗಾಡಿಯಲ್ಲಿ 99 ಫೋನ್ ಹಾಕ್ಕೊಂಡು ಖಾಲಿ ರೋಡಲ್ಲಿ ನಿಧಾನ ನಡೆದ, ಗೂಗಲ್ ಮ್ಯಾಪ್ಸ್‌ನಲ್ಲಿ ಆ ರೋಡು ಕೆಂಪಾಯ್ತು. ಒಂದೊಂದು ಫೋನೂ ಅಸಲಿ, ಹೇಳಿದ ಜಾಗವೂ ಖರೇ, ಸುಳ್ಳಾಗಿದ್ದು ಟ್ರಾಫಿಕ್ ಮಾತ್ರ. ಸಹಿ ಸರಿ ಇದೆ ಅಂದ ಮಾತ್ರಕ್ಕೆ ಸುದ್ದಿ ಸರಿ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಅದಕ್ಕೆ ಗಾಡಿ ತನ್ನ ಕಣ್ಣಿಂದಲೂ ನೋಡಬೇಕು: ಐವತ್ತು ಮೀಟರ್ ಮುಂದೆ ಇದ್ದೀನಿ ಅಂತಾನೆ, ರೇಡಾರ್‌ಗೆ ಯಾಕೆ ಕಾಣ್ತಿಲ್ಲ? ಈಗ ಅಲ್ಲಿದ್ದೋನು ಒಂದೇ ಸೆಕೆಂಡಲ್ಲಿ ಇಲ್ಲಿಗೆ ಹೆಂಗ ಹಾರಿದ? ಇಂಥ ಸಾಮಾನ್ಯ ಜ್ಞಾನದ ಪರೀಕ್ಷೆಗಳು. ಇನ್ನು ಬರೀ ಗದ್ದಲ ಎಬ್ಬಿಸಿ ಚಾನೆಲ್ಲೇ ಮುಚ್ಚೋವನಿಗೆ ಯಾವ ಸಹಿಯೂ ಮದ್ದಲ್ಲ, ರೇಡಿಯೋ ಸತ್ರೂ ಬ್ರೇಕ್ ಕೆಲಸ ಮಾಡೋ ಹಾಗೆ ಗಾಡಿ ಇರಬೇಕು ಅಷ್ಟೇ.

ಈಗ ನಮ್ಮ ಫೀಲ್ಡ್‌ನವರ ತಲೆ ತಿನ್ನೋದು ಬೇರೆ. ಗಾಡಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತೆ, ಅಷ್ಟರಲ್ಲಿ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ್ರೆ ಈಗಿನ 64 ಬೈಟಿನ ಸಹಿಯನ್ನ ನಕಲು ಮಾಡಬಹುದು. ಅದಕ್ಕೆ ಬಗ್ಗದ ಹೊಸ ಸಹಿ ಪದ್ಧತಿಯನ್ನ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊರಡಿಸಿತು, ಎಂಎಲ್-ಡಿಎಸ್ಎ ಅಂತ ಹೆಸರು, ಅದರ ಅತಿ ಸಣ್ಣ ಸಹಿ 2420 ಬೈಟ್. ಸರ್ಟಿಫಿಕೇಟ್ ಪಕ್ಕಕ್ಕಿಡಿ, ಸಹಿ ಒಂದೇ ಗಾಳಿಯಲ್ಲಿ 3.2 ಮಿಲಿಸೆಕೆಂಡ್ ತಿನ್ನುತ್ತೆ. ಸರ್ಟಿಫಿಕೇಟನ್ನ ತುಂಡು ತುಂಡು ಮಾಡಿ ಐದಾರು ಮೆಸೇಜ್‌ಗೆ ಹಂಚೋಣ ಅಂತ ಕೆಲವರು, ಇದಕ್ಕಿಂತ ಚಿಕ್ಕ ಸಹಿ ಹುಡುಕೋಣ ಅಂತ ಕೆಲವರು. ಸುದ್ದಿ ಮಾತ್ರ ಅದೇ 40 ಬೈಟ್. ಖಾಲಾಪುರದ ಅದೇ ಲೆಕ್ಕ ಮತ್ತೆ ಹಾಕಿದ್ರೆ ಈ ಸಲ 30 ಗಾಡಿಗೇ ಚಾನೆಲ್ ಫುಲ್, ಟೋಲ್‌ನ ಒಂದು ಲೇನ್ ಕೂಡ ತುಂಬಲ್ಲ.