ಗೋಳಿಬಜೆ ಬಿಲ್ಲಿನ ಬೀಜಗಣಿತ

ಮಂಗಳೂರಿನ ಹಂಪನಕಟ್ಟೆಯ ಒಂದು ಹೋಟೆಲ್, ರೇಟ್ ಬೋರ್ಡ್ ಇಲ್ಲ ಅಂತ ಇಟ್ಕೊಳ್ಳಿ. ನೀವು 2 ಪ್ಲೇಟ್ ಗೋಳಿಬಜೆ, 3 ಚಾ ತಗೊಂಡ್ರಿ, ಬಿಲ್ 140. ಪಕ್ಕದ ಟೇಬಲ್‌ನವರದ್ದು 1 ಪ್ಲೇಟ್, 2 ಚಾ, 80 ರೂಪಾಯಿ. ಯಾವುದಕ್ಕೆ ಎಷ್ಟು ರೇಟ್? ಅವರ ಬಿಲ್ಲನ್ನ ಡಬಲ್ ಮಾಡಿ, 2 ಪ್ಲೇಟ್ 4 ಚಾ 160 ಆಯ್ತಲ್ವಾ, ನಿಮ್ಮದಕ್ಕಿಂತ ಒಂದೇ ಒಂದು ಚಾ ಜಾಸ್ತಿ, ದುಡ್ಡು 20 ಜಾಸ್ತಿ, ಹಾಗಾದ್ರೆ ಚಾ 20, ಗೋಳಿಬಜೆ 40. ಹತ್ತನೇ ಕ್ಲಾಸಲ್ಲಿ ವರ್ಜಿಸುವ ವಿಧಾನ ಅಂತ ಮಕ್ಕಳನ್ನ ಹೆದರಿಸ್ತಾರಲ್ಲ, ಅದು ಇಷ್ಟೇ ಮಾರಾಯ್ರೆ.

ಇದು ನಮ್ಮವರಿಗೆ ಹೊಸತೂ ಅಲ್ಲ. ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಕೇಳಿದ ಲೆಕ್ಕ ಉಂಟು: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ 107, 7 ಮಾದಲ, 9 ಬೇಲಕ್ಕೆ 101, ಒಂದೊಂದರ ಬೆಲೆ ಎಷ್ಟು? ಎಂಥಾ ಚಂದದ ಸಂಖ್ಯೆ ಆರಿಸಿದ್ದಾರೆ ನೋಡಿ. ಎರಡನ್ನೂ ಕೂಡಿಸಿದ್ರೆ 16 ಮತ್ತು 16ಕ್ಕೆ 208, ಅಂದ್ರೆ ಜೋಡಿಗೆ 13. ಕಳೆದ್ರೆ 2 ಮಾದಲ 2 ಬೇಲಕ್ಕಿಂತ 6 ಜಾಸ್ತಿ, ಒಂದಕ್ಕೆ 3 ವ್ಯತ್ಯಾಸ. ಉತ್ತರ 8 ಮತ್ತು 5. ಪೆನ್ನೂ ಬೇಡ.

ಆದ್ರೆ ಶಾಲೆಯಲ್ಲಿ ಬಿಡಿಸೋದು ಹೇಗೆ ಅಂತ ಮಾತ್ರ ಕಲಿಸ್ತಾರೆ, ಬಿಡಿಸ್ಲಿಕ್ಕೆ ಆಗ್ತದಾ ಅಂತ ಕೇಳೋದು ಕಮ್ಮಿ, ನನ್ನ ಪ್ರಕಾರ ನಿಜವಾದ ವಿಷಯ ಅಲ್ಲೇ ಇರೋದು. ಇನ್ನೊಬ್ಬರ ಬಿಲ್ 4 ಪ್ಲೇಟ್, 6 ಚಾ, 280 ಇದ್ರೆ ಅದು ನಿಮ್ಮದೇ ಬಿಲ್ಲಿನ ಡಬಲ್, ಹೊಸತು ಎಂತದೂ ಹೇಳೋದಿಲ್ಲ, ಉತ್ತರ ಲೆಕ್ಕ ಇಲ್ಲದಷ್ಟು. ಅದೇ 290 ಬಂದಿದ್ರೆ ಉತ್ತರವೇ ಇಲ್ಲ, ಕ್ಯಾಷಿಯರ್ ಹತ್ರ ಜಗಳ ಮಾತ್ರ. ಗೋಳಿಬಜೆ ರೇಟ್ ಅಡ್ಡಕ್ಕೆ, ಚಾ ರೇಟ್ ಮೇಲಕ್ಕೆ ಇಟ್ಟು ಗ್ರಾಫ್ ಹಾಕಿದ್ರೆ ಒಂದೊಂದು ಬಿಲ್ಲೂ ಒಂದು ಗೆರೆ. ಗೆರೆಗಳು ಒಂದು ಕಡೆ ಕತ್ತರಿಸಿದ್ರೆ ರೇಟ್ ಸಿಗ್ತದೆ, ಒಂದರ ಮೇಲೊಂದು ಕೂತ್ರೆ ಅಥವಾ ಸಮಾನಾಂತರ ಹೋದ್ರೆ ಸಿಗೋದಿಲ್ಲ.

ರೇಟ್ ಸಿಗೋದು, ಸಿಗದೇ ಇರೋದು, ಇವೆರಡರ ಮಧ್ಯೆ ಇನ್ನೊಂದು ಕಿತಾಪತಿ ಉಂಟು. 10 ಪ್ಲೇಟ್, 11 ಚಾ, 620. 9 ಪ್ಲೇಟ್, 10 ಚಾ, 560. ಬಿಡಿಸಿದ್ರೆ ಅದೇ 40, 20. ಈಗ ಎರಡನೇ ಬಿಲ್ಲಲ್ಲಿ ಪ್ರಿಂಟ್ ಮಾಸಿ 560ನ್ನ 561 ಅಂತ ಓದಿದ್ರಿ ಅನ್ನಿ, ಬರೀ ಒಂದು ರೂಪಾಯಿ. ಮತ್ತೆ ಬಿಡಿಸಿ ನೋಡಿ: ಗೋಳಿಬಜೆ 29, ಚಾ 30! ವಿಧಾನ ಸರಿ, ಕೂಡು ಕಳೆ ಸರಿ, ಉತ್ತರ ಮಾತ್ರ ಎಲ್ಲಿಂದೆಲ್ಲಿಗೋ. ಎರಡು ಗೆರೆಗಳೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಹೋಗ್ತಿರೋದ್ರಿಂದ ಒಂದು ಚೂರು ಸರಿದ್ರೂ ಅವು ಸೇರೋ ಜಾಗ ದೂರ ಓಡಿ ಹೋಗ್ತದೆ. ಸಾವಿರಾರು ಸಮೀಕರಣ ಒಟ್ಟಿಗೆ ಬಿಡಿಸೋ ಎಂಜಿನಿಯರುಗಳಿಗೂ ಇದೇ ತಲೆನೋವು, ಅಳತೆಯಲ್ಲಿ ಚೂರುಪಾರು ತಪ್ಪು ಯಾವಾಗ್ಲೂ ಇದ್ದೇ ಇರ್ತದಲ್ಲ. ಇಂಥ ಕಡೆ ಒಳ್ಳೆ ಕ್ಯಾಲ್ಕುಲೇಟರ್ ತಂದು ಪ್ರಯೋಜನ ಇಲ್ಲ, ಬೇರೆ ಥರ ತಿಂದವರ ಬಿಲ್ ಹುಡುಕ್ಬೇಕು, ಬರೇ ಚಾ ಕುಡಿದು ಎದ್ದವ ಒಬ್ಬ ಸಿಕ್ಕಿದ್ರೆ ಎಲ್ಲಕ್ಕಿಂತ ಒಳ್ಳೇದು.