ಲೇಸರ್‌ನಲ್ಲೇ ಮಾಡ್ತೀರಲ್ಲಾ ಡಾಕ್ಟ್ರೇ?

ಕೊನೆ ಕೊಯ್ಲು ಮುಗಿದು ಅಡಿಕೆ ಒಣಗಿ ಚೀಲ ಸೇರಿದ ಮೇಲೆ ನಮ್ಮಲ್ಲಿಗೆ ಕಿಡ್ನಿ ಕಲ್ಲಿನವರು ಬರುವುದು ಜಾಸ್ತಿ. ಕೆಲಸ ಮುಗಿಯಲಿ ಎಂದು ಅಲ್ಲಿಯವರೆಗೆ ನೋವು ನುಂಗಿಕೊಂಡಿರುತ್ತಾರೆ. ಫೆಬ್ರವರಿಯಲ್ಲಿ ಹೊಸನಗರದ ಕಡೆಯ ಗೌಡರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಸಿಟಿ ಫಿಲ್ಮ್ ತೆಗೆದು ಮೇಜಿನ ಮೇಲಿಟ್ಟರು. ಬಲಗಡೆ 28 ಮಿಲಿಮೀಟರ್ ಕಲ್ಲು, ಒಳ್ಳೇ ಗಟ್ಟಿ. ಆರು ತಿಂಗಳು ಬಾಳೆದಿಂಡಿನ ರಸ ಕುಡಿದಾಗಿತ್ತು.

"ದುಡ್ಡು ಎಷ್ಟಾದ್ರೂ ಆಗ್ಲಿ ಡಾಕ್ಟ್ರೇ, ಲೇಸರ್‌ನಲ್ಲೇ ಮಾಡ್ಬಿಡಿ. ಬೆನ್ನಿಗೆ ತೂತು ಬ್ಯಾಡ."

"ಗೌಡ್ರೇ, ಒಡೆಯೋದು ಸುಲಭ. ಒಡೆದಿದ್ದನ್ನ ಹೊರಗೆ ತರೋದೇ ಕೆಲಸ" ಅಂದೆ.

ಕಲ್ಲು ಒಡೆಯುವ ಯಂತ್ರಗಳನ್ನು ನಾನು ಅಳೆಯುವುದು ಇದೇ ಲೆಕ್ಕದಲ್ಲಿ. ಹಳೆಯದು ನ್ಯೂಮ್ಯಾಟಿಕ್. ಒತ್ತಿದ ಗಾಳಿಯ ಬಲದಿಂದ ಒಂದು ಲೋಹದ ಕಡ್ಡಿ ಕಲ್ಲಿಗೆ ಪಟಪಟ ಬಡಿಯುತ್ತದೆ, ಜಂಬಿಟ್ಟಿಗೆ ಕ್ವಾರಿಯಲ್ಲಿ ಉಳಿಗೆ ಸುತ್ತಿಗೆ ಬಿದ್ದ ಹಾಗೆ. ಎಂಥ ಗಡಸು ಕಲ್ಲೂ ಸೀಳುತ್ತದೆ, ಬೆಲೆಯೂ ಕಡಿಮೆ. ಆದರೆ ಚೂರುಗಳು ಚೆಲ್ಲಾಪಿಲ್ಲಿ. ಒಂದೊಂದನ್ನೇ ಚಿಮುಟದಲ್ಲಿ ಹಿಡಿದು ತರಬೇಕು. ಅಲ್ಟ್ರಾಸಾನಿಕ್ ಯಂತ್ರದ ಕಡ್ಡಿ ಟೊಳ್ಳು. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಅದುರಿ ಕಲ್ಲನ್ನು ಅರೆಯುತ್ತದೆ, ಅರೆದದ್ದನ್ನು ಅದೇ ಕೊಳವೆಯಲ್ಲಿ ಹೀರಿಕೊಳ್ಳುತ್ತದೆ. ಸೋಂಕಿನಿಂದ ಬೆಳೆದ ಮೆತ್ತನೆ ಕಲ್ಲಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಗಡಸು ಕಲ್ಲಿಗೆ ಮಾತ್ರ ನಿಧಾನ. ಈಗ ಬಡಿಯುವುದು, ಅರೆಯುವುದು, ಹೀರುವುದು ಮೂರೂ ಒಂದೇ ಕಡ್ಡಿಯಲ್ಲಿರುವ ಯಂತ್ರಗಳು ಬಂದಿವೆ.

ಲೇಸರ್‌ನ ಶಕ್ತಿಯೇ ಬೇರೆ. ಹೋಲ್ಮಿಯಂ ಲೇಸರ್‌ನ ಬೆಳಕು ಸಾಗಿಸುವ ಎಳೆ 200 ಮೈಕ್ರಾನ್‌ನಷ್ಟು ಸಣ್ಣದಿರುತ್ತದೆ. ಮೂತ್ರನಾಳದಿಂದ ಹತ್ತಿಸಿದ, ಒಳಗೆ ನೋಡುವ, ಬಾಗುವ ದುರ್ಬೀನಿನ ಜೊತೆ ತಾನೂ ಬಾಗುತ್ತದೆ, ಎಲ್ಲೂ ಕೊಯ್ಯಬೇಕಿಲ್ಲ. ಥುಲಿಯಂ ಫೈಬರ್ ಲೇಸರ್ ಇನ್ನೂ ನುಣುಪಾಗಿ ಪುಡಿ ಮಾಡುತ್ತದೆ. ಒಂದು ಸೆಂಟಿಮೀಟರ್ ಆಸುಪಾಸಿನ ಕಲ್ಲಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಎಳೆಗೆ ಹೀರಲು ಬಾಯಿಲ್ಲ. 28 ಮಿಲಿಮೀಟರಿನದನ್ನು ಕೆಳಗಿನಿಂದ ಪುಡಿ ಮಾಡುತ್ತ ಕೂತರೆ ಹೊತ್ತು ಹೋಗುತ್ತದೆ, ಬಿಡುವ ನೀರಿನ ಒತ್ತಡ ಮೂತ್ರಪಿಂಡದೊಳಗೆ ಏರುತ್ತದೆ, ಸೋಂಕು ರಕ್ತಕ್ಕೆ ಸೇರಿ ಚಳಿಜ್ವರ ಬರಬಹುದು. ಉಳಿದ ಪುಡಿ ಮೂತ್ರಪಿಂಡದ ಕೆಳಗಿನ ಗೂಡಿನಲ್ಲಿ ಕೂತು ಮತ್ತೆ ಬೆಳೆಯಬಹುದು. ಈಚೆಗೆ ಬಂದ, ತುದಿ ಬಾಗಿ ಹೀರಿಕೊಳ್ಳುವ ಕೊಳವೆ ಈ ಕೊರತೆಯನ್ನು ಬಹಳಷ್ಟು ತುಂಬುತ್ತದೆ. ಹೊಸ ಲೇಸರ್‌ಗಿಂತ ಆ ಕೊಳವೆಯೇ ದೊಡ್ಡ ಹೆಜ್ಜೆ ಎಂದು ನನ್ನ ಅನಿಸಿಕೆ.

ಎರಡು ಸೆಂಟಿಮೀಟರ್ ದಾಟಿದರೆ ಬೆನ್ನಿನಲ್ಲಿ ತೂತು ಮಾಡಿ ಮೂತ್ರಪಿಂಡಕ್ಕೆ ಹೋಗುವ ಪಿಸಿಎನ್‌ಎಲ್ ಶಸ್ತ್ರಚಿಕಿತ್ಸೆ ಮೊದಲ ಆಯ್ಕೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಈ ದಾರಿಯನ್ನು ಪ್ರಕಟಿಸಿದ್ದರು. ತೂತಿನ ಅಳತೆ ಫ್ರೆಂಚ್‌ನಲ್ಲಿ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಮೊದಲೆಲ್ಲ 30 ಫ್ರೆಂಚ್, ಅಂದರೆ ಒಂದು ಸೆಂಟಿಮೀಟರ್. ಮಿನಿ ವಿಧಾನದಲ್ಲಿ 18, ಬರೀ ಆರು ಮಿಲಿಮೀಟರ್. ರಕ್ತ ಹೋಗುವುದು ಕಡಿಮೆ. ಇದರಲ್ಲಿ ನನಗೆ ಇಂದಿಗೂ ಸೋಜಿಗದ ಗಳಿಗೆಯೊಂದಿದೆ. ಲೇಸರ್‌ನಿಂದ ಒಡೆದು ದುರ್ಬೀನನ್ನು ಮೆಲ್ಲಗೆ ಹಿಂದೆಳೆದರೆ ತೂತಿಗೆ ಇಳಿಸಿದ ಕೊಳವೆಯಲ್ಲಿ ನೀರು ಸುಳಿಯಾಗಿ ತಿರುಗಿ, ಚೂರುಗಳು ದುರ್ಬೀನಿನ ಮೂತಿಯ ಹಿಂದೆಯೇ ಸಾಲಾಗಿ ಹೊರಬರುತ್ತವೆ. ಹೀರುವ ಯಂತ್ರ ಬೇಡ, ಚಿಮುಟವೂ ಬೇಡ.

ಗೌಡರಿಗೆ 24 ಫ್ರೆಂಚ್ ದಾರಿ ಮಾಡಿ, ಬಡಿದು ಹೀರುವ ಜೋಡಿ ಯಂತ್ರ ಬಳಸಿದೆ. ಕಲ್ಲು ಪೂರ್ತಿ ಬಂತು. ತೂತಿನ ಜಾಗ ತೋರಿಸಿದಾಗ ಅವರ ಹೆಂಡತಿ, "ಇಷ್ಟಕ್ಕೆ ಹೆದರಿದ್ರಾ?" ಅಂದರು.

ಯಾವ ಯಂತ್ರವಾದರೂ ಎಷ್ಟೋ ಸಲ ಒಳಗೆ ಡಿಜೆ ಸ್ಟೆಂಟ್, ಅಂದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ಸಣ್ಣ ಕೊಳವೆ, ಬಿಡಬೇಕಾಗುತ್ತದೆ. ಆಮೇಲೆ ಅದನ್ನು ತೆಗೆಯಲೇಬೇಕು. ಹಿಂದೊಮ್ಮೆ ಬಾಯಲ್ಲಷ್ಟೇ ಹೇಳಿ ಕಳಿಸಿದ್ದ ರೋಗಿ ಎರಡು ಮಳೆಗಾಲ ಕಳೆದು ಬಂದರು. ಸ್ಟೆಂಟಿನ ಸುತ್ತ ಹೊಸ ಕಲ್ಲು ಕಟ್ಟಿತ್ತು. ಅದನ್ನು ಬಿಡಿಸಲು ಮೇಲಿನಿಂದಲೂ ಕೆಳಗಿನಿಂದಲೂ ಹೋಗಬೇಕಾಯಿತು. ಅಂದಿನಿಂದ ತೆಗೆಯುವ ತಾರೀಖನ್ನು ಚೀಟಿಯಲ್ಲೂ ಬರೆದು ಮನೆಯವರ ಮೊಬೈಲಿಗೂ ಹಾಕಿಸುತ್ತೇನೆ. ಗೌಡರದ್ದು ಮೂರನೇ ವಾರಕ್ಕೇ ತೆಗೆದಾಯಿತು.