ಗರ್ಭಿಣಿಯ ಅಸ್ತಮಾ: ರಕ್ತ ಪರೀಕ್ಷೆಯ 40 ಸಹಜವಲ್ಲ

ಈ ಅಧ್ಯಾಯವನ್ನು ಔಷಧಿಗಳಿಂದ ಆರಂಭಿಸಬೇಡಿ. ಶರೀರಕ್ರಿಯೆಯನ್ನು ಮೊದಲು ಓದಿಕೊಂಡರೆ ಚಿಕಿತ್ಸೆಯ ಅರ್ಧಭಾಗ ತಾನಾಗಿಯೇ ಹೊಳೆಯುತ್ತದೆ.

ಗರ್ಭಾವಸ್ಥೆಯ ಆರಂಭದಿಂದಲೇ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಮೆದುಳಿನ ಉಸಿರಾಟ ಕೇಂದ್ರವನ್ನು ಪ್ರಚೋದಿಸುತ್ತದೆ. ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಾಳೆ ಎಂಬುದು ಹೆಚ್ಚೇನೂ ಬದಲಾಗುವುದಿಲ್ಲ. ಒಂದೊಂದು ಉಸಿರೂ ಆಳವಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುವುದರಿಂದ ಅಪಧಮನಿಯ ರಕ್ತದಲ್ಲಿ ಅದರ ಒತ್ತಡ 40ರ ಆಸುಪಾಸಿನಿಂದ 28–32 ಮಿ.ಮೀ. ಪಾದರಸಕ್ಕೆ ಇಳಿಯುತ್ತದೆ. ಗರ್ಭಿಣಿಯ ಮಟ್ಟಿಗೆ ಇದೇ ಸಹಜ.

ಈಗ ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಏಳು ತಿಂಗಳ ಗರ್ಭಿಣಿಗೆ ಅಸ್ತಮಾ ಉಲ್ಬಣಿಸಿದೆ. ಒಂದು ವಾಕ್ಯವನ್ನೂ ಪೂರ್ತಿ ಆಡಲಾಗುತ್ತಿಲ್ಲ. ರಕ್ತದ ಅನಿಲ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ 40 ಎಂದು ಬಂದಿದೆ, ಪಕ್ಕದ ಕಾಲಂ ಅದನ್ನು ಸಹಜ ಎನ್ನುತ್ತದೆ. ಆದರೆ ಇಂಥ ಸ್ಥಿತಿಯಲ್ಲಿ ವೇಗವಾಗಿ ಉಸಿರೆಳೆಯುವ ಆಕೆಯಲ್ಲಿ ಅದು 30ಕ್ಕಿಂತಲೂ ಕೆಳಗಿರಬೇಕಿತ್ತು. 40 ಎಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ. 35 ದಾಟಿದಾಗಲೇ ಎಚ್ಚರಿಕೆಯ ಗಂಟೆ ಬಾರಿಸಬೇಕು. ಇಡೀ ಅಧ್ಯಾಯದಲ್ಲಿ ಒಂದೇ ಸಂಗತಿ ನೆನಪಿನಲ್ಲಿ ಉಳಿಯುವುದಾದರೆ ಇದೇ ಉಳಿಯಲಿ.

ಇದರ ಜೊತೆಗೆ, ಮೇಲೇರಿದ ವಪೆಯಿಂದಾಗಿ (ಎದೆ–ಹೊಟ್ಟೆಗಳ ನಡುವಿನ ಸ್ನಾಯುಪರದೆ) ಉಸಿರು ಬಿಟ್ಟ ನಂತರ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಶೇ 20ರಷ್ಟು ಕಡಿಮೆಯಾಗುತ್ತದೆ, ಆಮ್ಲಜನಕದ ಬಳಕೆ ಏರುತ್ತದೆ. ದಾಸ್ತಾನು ಕಡಿಮೆ, ಖರ್ಚು ಹೆಚ್ಚು. ಆದ್ದರಿಂದ ಆಮ್ಲಜನಕ ಬಹುಬೇಗ ಕುಸಿಯುತ್ತದೆ, ಆ ಕೊರತೆ ಭ್ರೂಣಕ್ಕೂ ತಟ್ಟುತ್ತದೆ. ಉಲ್ಬಣದ ವೇಳೆ ತಾಯಿಯ ಆಮ್ಲಜನಕದ ಮಟ್ಟವನ್ನು ಶೇ 94–98ರಲ್ಲಿ ಇರಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಗರ್ಭಿಣಿಯರಲ್ಲಿ ಅನೇಕರಿಗೆ ಅಸ್ತಮಾ ಇಲ್ಲದೆಯೂ ಏದುಸಿರು ಬರುತ್ತದೆ. ಎರಡನ್ನೂ ಬೇರ್ಪಡಿಸಲು ಪೀಕ್ ಫ್ಲೋ ಮೀಟರ್, ಅಂದರೆ ಜೋರಾಗಿ ಊದಿದ ಉಸಿರಿನ ಗರಿಷ್ಠ ವೇಗ ಅಳೆಯುವ ಸಾಧನ, ನೆರವಾಗುತ್ತದೆ. ಗರ್ಭಾವಸ್ಥೆ ಆ ಅಳತೆಯನ್ನು ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. ಅದು ಕುಸಿದಿದ್ದರೆ, ಜೊತೆಗೆ ಕೆಮ್ಮು, ಸುಯ್‌ಗುಡುವ ಉಸಿರು ಇದ್ದರೆ ಅಸ್ತಮಾವನ್ನೇ ಶಂಕಿಸಿ.

ಗರ್ಭಾವಸ್ಥೆಯಲ್ಲಿ ಸರಿಸುಮಾರು ಮೂರನೇ ಒಂದು ಭಾಗದ ಅಸ್ತಮಾ ಪೀಡಿತ ಮಹಿಳೆಯರಿಗೆ ಅಸ್ತಮಾ ಹೆಚ್ಚುತ್ತದೆ, ಅಷ್ಟೇ ಮಂದಿಗೆ ಕಡಿಮೆಯಾಗುತ್ತದೆ, ಉಳಿದವರಲ್ಲಿ ಹಾಗೆಯೇ ಇರುತ್ತದೆ. ಆದರೆ ಉಲ್ಬಣಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇದೆ: ಮಗುವಿಗೆ ಏನಾದರೂ ಆದೀತೆಂಬ ಭಯದಿಂದ ಇನ್‌ಹೇಲರ್ ನಿಲ್ಲಿಸಿಬಿಡುವುದು. ಈ ಭಯವನ್ನು ಗದರಿಸಿ ಓಡಿಸಲಾಗದು, ಕೂತು ವಿವರಿಸಲೇಬೇಕು. ಹತೋಟಿ ತಪ್ಪಿದ ಅಸ್ತಮಾಕ್ಕೆ ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗು, ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯಲ್ಲಿ ರಕ್ತದೊತ್ತಡ ಏರುವ ಅಪಾಯಕಾರಿ ತೊಡಕು) ಇವುಗಳ ನಂಟಿದೆ. ಅತ್ತ ಉಸಿರಿನ ಮೂಲಕ ಸೇರುವ ಬುಡೆಸೊನೈಡ್ (ಉರಿಯೂತ ತಗ್ಗಿಸುವ ಸ್ಟಿರಾಯ್ಡ್) ಮತ್ತು ಸಾಲ್ಬುಟಮಾಲ್ (ಶ್ವಾಸನಾಳ ಹಿಗ್ಗಿಸುವ ಔಷಧಿ) ಗರ್ಭಿಣಿಯರಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿವೆ. ತೀವ್ರ ಉಲ್ಬಣವಾದಾಗ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಡಲೂ ಹಿಂಜರಿಯಬಾರದು. ಅದು ಮಗುವಿಗೆ ತಲುಪುವ ಮುನ್ನ ಬಹುಪಾಲನ್ನು ಜರಾಯುವಿನ (ಮಾಸುವಿನ) ಕಿಣ್ವವೇ ನಿಷ್ಕ್ರಿಯಗೊಳಿಸುತ್ತದೆ.

ಹೆರಿಗೆಯ ವೇಳೆ ಉಲ್ಬಣ ಅಪರೂಪ. ಅಲ್ಲಿ ಕಾಡುವುದು ಬೇರೆ ಉದ್ದೇಶಕ್ಕೆ ಕೊಡುವ ಔಷಧಿಗಳು. ರಕ್ತಸ್ರಾವ ತಡೆಯುವ ಕಾರ್ಬೊಪ್ರೊಸ್ಟ್ ಶ್ವಾಸನಾಳಗಳನ್ನು ಸಂಕುಚಿತಗೊಳಿಸುತ್ತದೆ, ಅದೇ ಉದ್ದೇಶದ ಎರ್ಗೊಮೆಟ್ರಿನ್ ಬಗ್ಗೆಯೂ ಎಚ್ಚರ ಬೇಕು; ಆಕ್ಸಿಟೋಸಿನ್‌ಗೆ ಅಡ್ಡಿಯಿಲ್ಲ. ರಕ್ತದೊತ್ತಡಕ್ಕೆ ಕೈ ಸಹಜವಾಗಿ ಚಾಚುವ ಲ್ಯಾಬೆಟಲಾಲ್, ಶ್ವಾಸನಾಳಗಳನ್ನು ಸಂಕುಚಿತಗೊಳಿಸಬಲ್ಲ ಬೀಟಾ ಬ್ಲಾಕರ್ ಗುಂಪಿನದು ಎಂಬುದನ್ನು ಮರೆಯಬಾರದು. ವಾರಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರಲ್ಲಿ ದೇಹದ ಸ್ವಂತ ಸ್ಟಿರಾಯ್ಡ್ ಉತ್ಪಾದನೆ ಕುಗ್ಗಿರುವುದರಿಂದ ಅವರಿಗೆ ಹೆರಿಗೆಯ ಹೊತ್ತಿಗೆ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಬೇಕಾಗುತ್ತದೆ.

ಬಾಣಂತಿ ಹಾಲೂಡಿಸುತ್ತಲೇ ಇನ್‌ಹೇಲರ್ ಮುಂದುವರಿಸಬಹುದು. ಹೆರಿಗೆಯಾಗಿ ಸುಮಾರು ಮೂರು ತಿಂಗಳಲ್ಲಿ ಹೆಚ್ಚಿನವರ ಅಸ್ತಮಾ ಗರ್ಭಪೂರ್ವ ಸ್ಥಿತಿಗೆ ಮರಳುತ್ತದೆ. ಔಷಧಿಯ ಪ್ರಮಾಣವನ್ನು ಇಳಿಸುವ ಮಾತಿದ್ದರೆ ಅದು ಆಗ.